ಮೂರು ಜೀವದ ಊಟ

ಜೋಡಿ ಬಾಳೆಹಣ್ಣು ತಿಂದವಳಿಗೆ ಅವಳಿ ಮಕ್ಕಳಾಗುತ್ತವೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಮದುವೆ ಮನೆಯಲ್ಲಿ ಎಲೆಯ ತುದಿಗೆ ಅಂಥದೊಂದು ಅಂಟಿಕೊಂಡ ಹಣ್ಣು ಬಂದುಬಿಟ್ಟರೆ ಸಾಕು, ಪಕ್ಕದ ಎಲೆಯ ದೊಡ್ಡಮ್ಮ ಕೈಚಾಚಿ ಅದನ್ನು ಎತ್ತಿಕೊಂಡು, ‘ನಿಂಗೆ ಬೇರೆ ಹಾಕಿಸ್ತೀನಿ ಇರು’ ಎನ್ನುತ್ತಾರೆ. ಹೊಸದಾಗಿ ಮದುವೆಯಾದ ಹುಡುಗಿ ನಾಚಿ ತಲೆ ತಗ್ಗಿಸುತ್ತಾಳೆ. ದೊಡ್ಡಮ್ಮ ಆ ಜೋಡಿ ಹಣ್ಣನ್ನು ತಾವೇ ಸುಲಿದು ತಿಂದು ಮುಗಿಸುತ್ತಾರೆ. ಈ ಮಾತಿಗೆ ಭಾಷೆಯ ಗಡಿಯಿಲ್ಲ. ಕನ್ನಡದ ಹಜಾರದಲ್ಲೂ ಉಂಟು, ತಮಿಳಿನ ತಿಣ್ಣೆಯ ಮೇಲೂ ಉಂಟು.

ಹಣ್ಣಿನ ಮಾತು ಹಣ್ಣಿನ ಮಾತೇ, ಅದರಲ್ಲಿ ನಿಜವಿಲ್ಲ. ಹಾಗೆಂದು ಉಣ್ಣುವುದಕ್ಕೂ ಅವಳಿಗೂ ನಂಟೇ ಇಲ್ಲ ಎನ್ನೋಣವೇ? ನ್ಯೂಯಾರ್ಕಿನ ಗ್ಯಾರಿ ಸ್ಟೈನ್‌ಮನ್ ಎಂಬ ಹೆರಿಗೆ ವೈದ್ಯರು 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದ ತಾಯಂದಿರಿಗೆ ಹೋಲಿಸಿದರೆ ಉಳಿದವರಲ್ಲಿ ಅವಳಿಗಳು ಐದು ಪಟ್ಟು ಹೆಚ್ಚು ಎಂದಿತ್ತು ಅದು. ಹಾಲು ಹೈನಿನಿಂದ ದೇಹದಲ್ಲಿ ಏರುವ ಒಂದು ಬೆಳವಣಿಗೆಯ ಅಂಶ ಅಂಡಾಶಯವನ್ನು ಚುರುಕು ಮಾಡುತ್ತದೆ ಎಂಬುದು ಅವರ ತರ್ಕ. ಇದು ಎರಡು ಅಂಡಗಳಿಂದ ಹುಟ್ಟುವ ಅವಳಿಗಳ ಮಾತು. ಒಂದೇ ಅಂಡ ಸೀಳಿ ಎರಡಾಗುವ ಪಡಿಯಚ್ಚಿನ ಅವಳಿಗಳು ಜಗತ್ತಿನ ಎಲ್ಲ ಕಡೆಯೂ ಸಾವಿರಕ್ಕೆ ನಾಲ್ಕರ ಆಸುಪಾಸು; ಜಾತಿ, ದೇಶ, ಊಟ ಯಾವುದನ್ನೂ ಅವು ಕೇಳುವುದಿಲ್ಲ. ಹೆಚ್ಚುಕಡಿಮೆಯಾಗುವುದು ಎರಡಂಡದ ಅವಳಿಗಳಲ್ಲಿ ಮಾತ್ರ. ತಾಯಿಯ ವಯಸ್ಸು ಮೂವತ್ತೈದರ ಕಡೆಗೆ ಸರಿದಂತೆ, ತಾಯಿಯ ತವರಿನಲ್ಲಿ ಅವಳಿಗಳಿದ್ದರೆ, ಅವು ಏರುತ್ತವೆ. ನೈಜೀರಿಯಾದ ಯೊರುಬಾ ಜನರಲ್ಲಿ ಅವು ಲೋಕಕ್ಕೇ ಹೆಚ್ಚು. ನಮ್ಮ ಪಕ್ಕದ ಮಲಪ್ಪುರಂ ಜಿಲ್ಲೆಯ ಕೊಡಿಞ್ಞಿ ಎಂಬ ಹಳ್ಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಜೋಡಿಗಳಿವೆ. ಯಾಕೆ ಎಂದು ಹುಡುಕಿಕೊಂಡು ಹೋದ ವಿಜ್ಞಾನಿಗಳು ನೀರು, ಮಣ್ಣು, ಎಂಜಲು ಎಲ್ಲ ತೆಗೆದುಕೊಂಡು ಹೋದರು. ಉತ್ತರ ಇನ್ನೂ ಬಂದಿಲ್ಲ.

ಆದರೆ ನಾನು ಹೇಳಹೊರಟದ್ದು ಅವಳಿ ಹೇಗೆ ಆಗುತ್ತದೆ ಎಂದಲ್ಲ, ಆದ ಮೇಲೆ ಆ ಹೆಣ್ಣುಮಗಳು ಏನು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂದು. ಅದೂ ಪಾಪಿರೆಡ್ಡಿಪಟ್ಟಿಯಲ್ಲಿ.

ಎಲ್ಲಿದೆ ಎಂದಿರಾ? ಸೇಲಂನಿಂದ ಹರೂರಿನ ದಾರಿ ಹಿಡಿದು ಮಂಜವಾಡಿ ಕಣಿವೆ ದಾಟಿ ಇಳಿದರೆ ಸಿಗುವ ಊರು. ಬೆನ್ನಿಗೆ ಏರ್ಕಾಡಿನ ಬೆಟ್ಟಸಾಲು. ಅಲ್ಲಿಂದ ಇಳಿಯುವ ವಾಣಿಯಾರ್ ಹೊಳೆಗೆ ಇಲ್ಲಿಯೇ ಅಣೆಕಟ್ಟು. 1965ರವರೆಗೆ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ ಜಿಲ್ಲೆ. ಅದಕ್ಕೂ ಹಿಂದೆ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಕಂಪನಿಗೆ ಬಿಟ್ಟುಕೊಟ್ಟ ಬಾರಾಮಹಲ್ ಮತ್ತು ಸೇಲಂ ಸೀಮೆಯ ನೆಲವಿದು. ಇನ್ನೂ ಹಿಂದೆ ಹೋದರೆ ನೊಳಂಬ ಅರಸರು. ಅವರ ಕನ್ನಡ ಶಾಸನಗಳು ಧರ್ಮಪುರಿಯಲ್ಲಿವೆ. ಹೊರಗೆ ತಮಿಳು, ಮನೆಯೊಳಗೆ ಕನ್ನಡ ಎನ್ನುವ ಮನೆಗಳು ಈ ಸೀಮೆಯಲ್ಲಿ ಉದ್ದಕ್ಕೂ ಇವೆ. ಸೇಲಂನ ದೇವಾಂಗ ನೇಕಾರರ ಮಗ್ಗದ ಮನೆಗಳಲ್ಲಿ ಇವತ್ತಿಗೂ ಕನ್ನಡ ಕೇಳುತ್ತದೆ.

ಬಸುರಿಯ ಊಟದ ಮಾತಿಗೆ ಶಾಸನವೇಕೆ ಎನ್ನಬೇಡಿ. ಊರು ಗೊತ್ತಾಗದೆ ಬೆಳೆ ಗೊತ್ತಾಗದು, ಬೆಳೆ ಗೊತ್ತಾಗದೆ ತಟ್ಟೆ ಗೊತ್ತಾಗದು. ಈ ಸೀಮೆಯ ಮಳೆಯಾಶ್ರಯದ ಹೊಲಗಳಲ್ಲಿ ರಾಗಿ, ಸಾಮೆ, ಹುರುಳಿ. ನೀರು ಸಿಕ್ಕ ಕಡೆ ಕಬ್ಬು, ಅರಿಶಿನ. ಇವೆಲ್ಲಕ್ಕೂ ಜೊತೆಗೆ ಕಣ್ಣು ಹಾಯಿಸಿದಲ್ಲೆಲ್ಲ ಮರಗೆಣಸು. ಅದನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ ಸೇಲಂ ಸುತ್ತಿನ ಕಾರ್ಖಾನೆಗಳಲ್ಲಿ ತೊಳೆದು, ಅರೆದು, ಹಾಲು ತೆಗೆದು, ಮುತ್ತಿನಂಥ ಕಾಳು ಮಾಡುತ್ತಾರೆ. ಅದೇ ನಮ್ಮ ಸಬ್ಬಕ್ಕಿ. ಎರಡನೇ ಮಹಾಯುದ್ಧದಲ್ಲಿ ಮಲಯದ ಕಡೆಯಿಂದ ಬರುತ್ತಿದ್ದ ಸಾಗೋ ನಿಂತುಹೋಯಿತು. ಆಗ ಸೇಲಂನವರು ಮರಗೆಣಸಿನಿಂದಲೇ ಅದನ್ನು ಮಾಡುವುದನ್ನು ಕಲಿತರು. 1981ರಲ್ಲಿ ಸಾಗೋಸರ್ವ್ ಎಂಬ ಸಹಕಾರ ಸಂಘವೂ ಹುಟ್ಟಿತು. ಬೆಂಗಳೂರಿನ ಏಕಾದಶಿಯ ಉಪ್ಪಿಟ್ಟಿಗೂ ಮೈಸೂರಿನ ಸಂಡಿಗೆಗೂ ಬೇಕಾದ ಸಬ್ಬಕ್ಕಿ ಹುಟ್ಟುವುದು ಇಂಥ ಹೊಲಗಳಲ್ಲಿ.

ಬಸುರಿಗೆ ವಾಂತಿ, ಸಂಕಟ, ಏನೂ ಸೇರುವುದಿಲ್ಲ ಎಂದಾಗ ಮೊದಲು ಒಲೆಯ ಮೇಲೇರುವುದು ಸಬ್ಬಕ್ಕಿ ಗಂಜಿ. ತಂಪು, ಹೊಟ್ಟೆಗೆ ಹಗುರ, ಗಂಟಲಲ್ಲಿ ಇಳಿಯುತ್ತದೆ; ಒಪ್ಪೋಣ. ಆದರೆ ನೂರು ಗ್ರಾಂ ಸಬ್ಬಕ್ಕಿಯಲ್ಲಿ ಪ್ರೋಟೀನು ಅರ್ಧ ಗ್ರಾಂ ಕೂಡ ಇಲ್ಲ. ಪಕ್ಕದ ಹೊಲದ ಹುರುಳಿಯಲ್ಲಿ ಅದು 22 ಗ್ರಾಂ! ಸಬ್ಬಕ್ಕಿ ಸೌದೆಯಿದ್ದ ಹಾಗೆ. ಒಲೆ ಉರಿಯುತ್ತದೆ, ಗೋಡೆ ಏಳುವುದಿಲ್ಲ. ಹೊಟ್ಟೆಯೊಳಗೆ ಎರಡು ಮನೆಗಳ ಗೋಡೆ ಏಳಬೇಕಾದಾಗ ಗಂಜಿಗೆ ಹಾಲು ಬೀಳಬೇಕು, ಪಕ್ಕಕ್ಕೆ ಹುರುಳಿ ಸಾರೋ ಮೊಟ್ಟೆಯೋ ಬರಬೇಕು. ರಾಗಿಯನ್ನಂತೂ ಎಷ್ಟು ಹೊಗಳಿದರೂ ಸಾಲದು. ನೂರು ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂನ ಆಸುಪಾಸು, ರಾಗಿಯಲ್ಲಿ 350ರ ಹತ್ತಿರ. ಬಸುರಿಗೆ ದಿನಕ್ಕೆ ಸಾವಿರ ಮಿಲಿಗ್ರಾಂ ಬೇಕೆನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಎರಡು ಹೊತ್ತು ಮುದ್ದೆ ಉಣ್ಣುವ ಮನೆಗೆ ಅದರಲ್ಲಿ ದೊಡ್ಡ ಪಾಲು ಸದ್ದಿಲ್ಲದೆ ಬಂದುಬಿಡುತ್ತದೆ. ಪಡಿತರದ ಅಕ್ಕಿ ಬಂದು ಮುದ್ದೆಯ ಕೋಲು ಮೂಲೆಗೆ ಸೇರಿದ ಮನೆಗಳಲ್ಲಿ ನಷ್ಟವಾದದ್ದು ರುಚಿ ಮಾತ್ರವಲ್ಲ.

ಈಗ ಒಳಗಿನ ಲೆಕ್ಕಕ್ಕೆ ಬರೋಣ. ಇದು ಒಂದು ಅದ್ಭುತ. ಗರ್ಭ ಕಟ್ಟಿದ ಮೇಲೆ ಮಾಸು ತಾಯಿಯ ರಕ್ತಕ್ಕೆ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವುಗಳಲ್ಲಿ ಪ್ಲಾಸೆಂಟಲ್ ಲ್ಯಾಕ್ಟೋಜೆನ್ ಎಂಬುದೊಂದು. ತಾಯಿಯ ಮೈಯಲ್ಲಿ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುವುದು ಅದರ ಕೆಲಸ. ಆಗ ತಾಯಿ ತನ್ನ ಕೊಬ್ಬನ್ನು ಉರಿಸಿಕೊಂಡು ಬದುಕುತ್ತಾಳೆ, ಸಕ್ಕರೆ ಮಗುವಿಗೆ ಉಳಿಯುತ್ತದೆ. ಸಕ್ಕರೆ ತಾನಾಗಿಯೇ ಮಾಸಿನೊಳಗೆ ಇಳಿದುಹೋಗುತ್ತದೆ. ಪ್ರೋಟೀನಿನ ತುಣುಕುಗಳನ್ನು, ಕ್ಯಾಲ್ಸಿಯಂ ಅನ್ನು, ಕಬ್ಬಿಣವನ್ನು ಮಾಸು ಶ್ರಮಪಟ್ಟು ಎಳೆದುಕೊಳ್ಳುತ್ತದೆ. ತಾಯಿಯ ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಅವಳ ಎಲುಬಿನಿಂದ ಹೋಗುತ್ತದೆ. ಒಂದು ಮಗುವಿಗೇ ಇಷ್ಟಾದರೆ ಎರಡಕ್ಕೆ? ಮಾಸಿನ ಗಾತ್ರ ದೊಡ್ಡದು, ಹಾರ್ಮೋನು ಹೆಚ್ಚು, ರಕ್ತದ ನೀರಿನಂಶ ಇನ್ನೂ ಹಿಗ್ಗುತ್ತದೆ. ಸುಮ್ಮನೆ ಮಲಗಿದ್ದರೂ ಅವಳ ಮೈ ಒಂಟಿ ಬಸುರಿಗಿಂತ ಸುಮಾರು ಹತ್ತನೇ ಒಂದು ಪಾಲು ಹೆಚ್ಚು ಉರಿಯುತ್ತದೆ.

ರಾತ್ರಿಯ ಮಾತು ಬೇರೆಯೇ. ಷಿಕಾಗೋದ ನಾರ್ಬರ್ಟ್ ಫ್ರೈಂಕೆಲ್ ಎಂಬ ವೈದ್ಯರು ಬಸುರಿಯರ ಉಪವಾಸವನ್ನು ಬಹಳ ಹತ್ತಿರದಿಂದ ನೋಡಿದವರು. ನಮಗೆ ನಿಮಗೆ ಎರಡು ದಿನ ಊಟ ಬಿಟ್ಟರೆ ರಕ್ತದಲ್ಲಿ ಆಗುವ ಬದಲಾವಣೆ ಬಸುರಿಗೆ ಬೆಳಗಿನ ತಿಂಡಿ ತಪ್ಪಿದರೇ ಶುರುವಾಗುತ್ತದೆ ಎಂದು ಅವರು ತೋರಿಸಿಕೊಟ್ಟರು: ಸಕ್ಕರೆ ಇಳಿಯುತ್ತದೆ, ಕೊಬ್ಬು ಒಡೆದು ಕೀಟೋನ್ ಏರುತ್ತದೆ. ಅದೇ ಊರಿನ ವೈದ್ಯರು 1996ರಲ್ಲಿ ಅವಳಿ ಬಸುರಿಯರನ್ನು ಪರೀಕ್ಷಿಸಿದಾಗ ಇದು ಇನ್ನೂ ಬೇಗ ನಡೆಯುವುದು ಕಂಡಿತು.

ಈ ಮಾತನ್ನು ನಮ್ಮ ಮನೆಗಳ ಗಡಿಯಾರಕ್ಕೆ ಹಿಡಿದು ನೋಡಿ. ರಾತ್ರಿ ಎಂಟಕ್ಕೆ ಗಂಡಸರ ಊಟ, ಮಕ್ಕಳ ಊಟ, ಅತ್ತೆಯ ಊಟ. ಒಂಬತ್ತಕ್ಕೆ ಪಾತ್ರೆಯ ತಳದಲ್ಲಿ ಉಳಿದ ಸಾರಿನಲ್ಲಿ ಸೊಸೆಯ ಊಟ. ಬೆಳಗ್ಗೆ ಐದಕ್ಕೆ ಎದ್ದು, ಬಾಗಿಲಿಗೆ ನೀರು ಹಾಕಿ, ಹಸು ಕರೆದು, ಒಂದು ಲೋಟ ಕಾಫಿ. ಎಲ್ಲರ ತಿಂಡಿಯಾಗಿ ಅವಳ ಬಾಯಿಗೆ ಏನಾದರೂ ಬೀಳುವಾಗ ಹತ್ತು ಗಂಟೆ. ಹದಿಮೂರು ತಾಸು! ಶುಕ್ರವಾರದ ಒಪ್ಪತ್ತು ಸೇರಿದರೆ ಇನ್ನೂ ಹೆಚ್ಚು. ಭಕ್ತಿಗೆ ನಾನು ಅಡ್ಡ ಬರುವುದಿಲ್ಲ, ಆದರೆ ಅವಳಿ ಹೊತ್ತವಳ ಒಪ್ಪತ್ತನ್ನು ಮನೆಯ ಬೇರೆಯವರು ಮಾಡಲಿ. ಮಲಗುವ ಮುಂಚೆ ಒಂದು ಲೋಟ ಹಾಲು, ಎದ್ದ ಕೂಡಲೇ ಒಂದು ಹಿಡಿ ಹುರಿಗಡಲೆ ಬೆಲ್ಲ, ಎರಡು ಮೂರು ತಾಸಿಗೊಮ್ಮೆ ಏನಾದರೂ. ಮೂರು ದೊಡ್ಡ ಊಟಕ್ಕಿಂತ ಆರು ಸಣ್ಣ ಊಟ ಅವಳಿಗೆ ಒಗ್ಗುತ್ತದೆ, ಏಕೆಂದರೆ ಐದು ತಿಂಗಳಿಗೇ ಅವಳ ಹೊಟ್ಟೆಯಲ್ಲಿ ಅನ್ನಕ್ಕೆ ಜಾಗವಿರುವುದಿಲ್ಲ.

ಜಾಗ ಅಂದಾಗ ನೆನಪಾಯಿತು. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕುಳಿತು ಬಸುರಿಯರ ಊಟದ ಬಗ್ಗೆ ಹೆಂಗಸರನ್ನು ಮಾತಾಡಿಸಿ 1983ರಲ್ಲಿ ಬರೆದರು. ಅನ್ನವೂ ಕೂಸೂ ಒಂದೇ ಚೀಲದಲ್ಲಿರುತ್ತವೆ, ಹೆಚ್ಚು ಉಂಡರೆ ಕೂಸಿಗೆ ಜಾಗ ಸಾಲದು ಎಂದು ಹಲವರು ನಂಬಿದ್ದರಂತೆ. ಕೂಸು ದೊಡ್ಡದಾದರೆ ಹೆರಿಗೆ ಕಷ್ಟ, ಸಣ್ಣದಾದರೆ ಸಲೀಸು ಎಂಬ ಮಾತೂ ಇತ್ತು. ಇದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹತ್ತಿರದಲ್ಲಿ ಆಸ್ಪತ್ರೆಯಿಲ್ಲದ ಕಾಲದಲ್ಲಿ, ಅಡ್ಡ ಸಿಕ್ಕಿಕೊಂಡ ಕೂಸಿನೊಂದಿಗೆ ತಾಯಿಯೂ ಹೋದದ್ದನ್ನು ಕಣ್ಣಾರೆ ಕಂಡ ಅಜ್ಜಿಯರ ಮಾತದು. ಆ ಭಯಕ್ಕೆ ಕಾರಣವಿತ್ತು. ಈಗ ಹರೂರಿಗೋ ಧರ್ಮಪುರಿಗೋ ಸೇಲಂಗೋ ಆಂಬ್ಯುಲೆನ್ಸ್ ಓಡುವಾಗ ಆ ಭಯ ಹೋಗಬೇಕು. ಅವಳಿಯಲ್ಲಂತೂ ಕೂಸುಗಳು ತೀರ ದೊಡ್ಡವಾದಾವು ಎಂಬ ಚಿಂತೆಗೆ ಎಡೆಯೇ ಇಲ್ಲ.

ಬೇರೆ ದೇಶದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆದವರ ಕತೆಯೂ ಇದೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಆಗ್ನೆಸ್ ಹಿಗ್ಗಿನ್ಸ್ ಎಂಬ ಆಹಾರ ತಜ್ಞೆ ಬಡ ಬಸುರಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಅವರು ನಿನ್ನೆ ಏನು ಉಂಡರು ಎಂದು ಕೇಳಿ, ಕೊರತೆ ಲೆಕ್ಕ ಹಾಕಿ, ಹಾಲು ಮೊಟ್ಟೆಗಳನ್ನು ಕೈಗೇ ಕೊಟ್ಟು ಕಳಿಸುತ್ತಿದ್ದರು. ಅವಳಿ ಎಂದು ಗೊತ್ತಾದವರಿಗೆ ಇಪ್ಪತ್ತನೇ ವಾರದಿಂದ ದಿನಕ್ಕೆ ಸಾವಿರ ಕ್ಯಾಲೊರಿ, ಐವತ್ತು ಗ್ರಾಂ ಪ್ರೋಟೀನು ಹೆಚ್ಚುವರಿ. 1991ರಲ್ಲಿ ಆ ಲೆಕ್ಕಗಳು ಪ್ರಕಟವಾದವು: ಆ ತಾಯಂದಿರ ಅವಳಿಗಳು ಹೆಚ್ಚು ತೂಕದವು, ದಿನ ತುಂಬುವ ಮುಂಚೆ ಹುಟ್ಟಿದವು ಕಡಿಮೆ. ಮದ್ದಲ್ಲ, ಸೂಜಿಯಲ್ಲ, ಹಾಲು ಮತ್ತು ಮೊಟ್ಟೆ!

ರಕ್ತದ ಮಾತು ಬಿಟ್ಟರೆ ಬಸುರಿನ ಮಾತು ಮುಗಿಯುವುದಿಲ್ಲ. ‘ರಕ್ತ ಕಡಿಮೆ ಇದೆ’ ಎನ್ನುವುದು ನಮ್ಮ ಹೆಂಗಸರ ಬಾಯಲ್ಲಿ ಊಟ ಆಯಿತಾ ಎನ್ನುವಷ್ಟೇ ಮಾಮೂಲಿ ಮಾತು. ದೇಶದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇದನ್ನೇ ಹುಡುಕಿಕೊಂಡು ಮುಂಬಯಿಗೆ ಬಂದರು. ಬಟ್ಟೆ ಗಿರಣಿಯ ಬಡ ಬಸುರಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆ ಏಕೆಂದು ತಿಳಿಯಲು ಕೂನೂರಿನಲ್ಲಿ, ಮದ್ರಾಸಿನಲ್ಲಿ ಕೆಲಸ ಮಾಡಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಈಸ್ಟ್ ಸಾರ ತಿನ್ನಿಸಿದರೆ ಆ ಹೆಂಗಸರು ಚೇತರಿಸಿಕೊಳ್ಳುವುದನ್ನು ಕಂಡು 1931ರಲ್ಲಿ ಬರೆದರು. ಅದರೊಳಗಿದ್ದ ಅಂಶವೇ ಫೋಲಿಕ್ ಆಮ್ಲ. ಮುಂದೆ 1940ರ ದಶಕದಲ್ಲಿ ಅದನ್ನು ಅಮೆರಿಕದ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಹಿರಿಯರು ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅವಳಿ ಬಸುರಿಯರಲ್ಲಿ ಈ ಫೋಲಿಕ್ ಆಮ್ಲದ ಕೊರತೆ ಒಂಟಿ ಬಸುರಿಯರಿಗಿಂತ ಬೇಗ ತಲೆಯೆತ್ತುತ್ತದೆ. ಅಂಗನವಾಡಿಯ ಅಕ್ಕ ಕೈಗಿಡುವ ಆ ಸಣ್ಣ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆಗೆ ಇರುವುದು ಅದೇ. ಮಗು ಕಪ್ಪಾಗುತ್ತದೆ ಎಂದು ಅದನ್ನು ಸೂರಿನ ಸಂದಿಗೆ ಸಿಕ್ಕಿಸಿ ಬರುವವರಿಗೆ ಏನು ಹೇಳೋಣ? ಕಪ್ಪಾಗುವುದು ಮಲ ಮಾತ್ರ, ಕೂಸಲ್ಲ.

ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಹುಳಿ ಹಣ್ಣು ತಿಂದರೆ ಚೆನ್ನಾಗಿ ಹತ್ತುತ್ತದೆ. ಧರ್ಮಪುರಿಯವರಿಗೆ ನೆಲ್ಲಿಕಾಯಿಯ ಮಹಿಮೆ ಬೇರೆ ಹೇಳಬೇಕೆ? ಹಿಂದೆ ತಗಡೂರು ಎನಿಸಿಕೊಂಡಿದ್ದ ಆ ಊರಿನ ದೊರೆ ಅದಿಯಮಾನ್, ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟನಂತೆ. ಎರಡು ಸಾವಿರ ವರ್ಷದಿಂದ ತಮಿಳರು ಹೇಳಿಕೊಂಡು ಬಂದ ಕತೆ. ಮನೆಯಲ್ಲಿರುವ ಒಳ್ಳೆಯದನ್ನು ಗಂಡಸು ತಾನು ತಿನ್ನದೆ ಹೆಣ್ಣಿಗೆ ಕೊಟ್ಟ ಕತೆಯಾಗಿಯೂ ಅದನ್ನು ಕೇಳಬಹುದಲ್ಲವೇ?

ಏಕೆಂದರೆ ಈ ಸೀಮೆಯಲ್ಲಿ ಹೆಣ್ಣಿಗೆ ಕೊಟ್ಟದ್ದು ಕಡಿಮೆ. ಹೆಣ್ಣು ಕೂಸುಗಳನ್ನು ಉಳಿಸಲೆಂದು ತಮಿಳುನಾಡು ಸರ್ಕಾರ 1992ರಲ್ಲಿ ತೊಟ್ಟಿಲು ಮಗು ಯೋಜನೆ ಶುರುಮಾಡಿದ್ದು ಸೇಲಂನಲ್ಲಿ. ಆಮೇಲೆ 2001ರಲ್ಲಿ ಧರ್ಮಪುರಿಗೂ ಬಂತು. ಉಳಿದ ಹೆಣ್ಣುಮಗು ಅಣ್ಣನಿಗಿಂತ ಒಂದು ತುತ್ತು ಕಡಿಮೆ ಉಂಡು ಬೆಳೆದು, ಸಣಕಲು ಮೈಯಲ್ಲಿ ಮದುವೆಯಾಗಿ, ನಲವತ್ತು ಕಿಲೋ ತೂಕದಲ್ಲಿ ಬಸುರಿಯಾದರೆ, ಅದರಲ್ಲೂ ಅವಳಿ ಎಂದಾದರೆ, ಅವಳ ಎಲುಬಿನಲ್ಲಿ ಕೊಬ್ಬಿನಲ್ಲಿ ಕೂಡಿಟ್ಟದ್ದು ಏನಿರುತ್ತದೆ? ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಅವಳಿ ಬಸುರಿಯರು ಎಷ್ಟು ತೂಕ ಏರಬೇಕು ಎಂದು ಪಟ್ಟಿ ಮಾಡಿತು. ಸಾಧಾರಣ ಮೈಯವರಿಗೆ 17ರಿಂದ 25 ಕಿಲೋ, ದಪ್ಪ ಮೈಯವರಿಗೆ ಅದಕ್ಕಿಂತ ಕಡಿಮೆ. ಸಣಕಲು ಮೈಯವರಿಗೆ? ಮಾಹಿತಿ ಸಾಲದೆಂದು ಆ ಜಾಗ ಖಾಲಿ ಬಿಟ್ಟಿತು. ಯಾರಿಗೆ ಉತ್ತರ ಎಲ್ಲರಿಗಿಂತ ಹೆಚ್ಚು ಬೇಕೋ ಅವಳ ಸಾಲೇ ಖಾಲಿ. ಇದು ನನ್ನನ್ನು ಬಹಳ ನೋಯಿಸುತ್ತದೆ.

ನಮ್ಮ ಮೈಸೂರಿನಲ್ಲಿ ಇಂಥ ಲೆಕ್ಕ ಇಡುವ ಸಂಪ್ರದಾಯ ಹಳೆಯದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಒಂದೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಹಳೆಯ ಪುಸ್ತಕಗಳನ್ನು ಹಿಡಿದು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹುಡುಕಿ ತೆಗೆದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿದವರಲ್ಲಿ ನೂರಕ್ಕೆ 3. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆರಿಗೆ ಕೋಣೆಯ ದಾದಿಯರು ಎಷ್ಟೋ ದಶಕಗಳ ಹಿಂದೆ ತಕ್ಕಡಿ ನೋಡಿ ಬರೆದ ಅಂಕಿ ಇಷ್ಟು ದೂರ ಬಂತಲ್ಲ! ಅವಳಿಗಳಿಗೆ ಈ ಲೆಕ್ಕವನ್ನು ನೇರವಾಗಿ ಅಂಟಿಸುವಂತಿಲ್ಲ. ಅವರು ಸಣ್ಣಗಿರುವುದು ಹೊಟ್ಟೆಯ ಪಾಲು ಹಂಚಿಕೆಯಿಂದ, ಬೇಗ ಹುಟ್ಟುವುದರಿಂದ. ಆದರೂ ಹುಟ್ಟಿದ ದಿನದ ತೂಕ ಬದುಕಿಡೀ ಬೆನ್ನಿಗಿರುತ್ತದೆ ಎಂಬುದನ್ನು ಕನ್ನಡ ನಾಡಿನ ಒಂದು ಆಸ್ಪತ್ರೆಯ ಪುಸ್ತಕ ಲೋಕಕ್ಕೆ ಹೇಳಿತು.

ಪಾಲು ಹಂಚಿಕೆ ಎಂದೆ. ಎರಡಂಡದ ಅವಳಿಗಳಿಗೆ ಎರಡು ಮಾಸು, ಜಗಳವಿಲ್ಲ. ಪಡಿಯಚ್ಚಿನ ಅವಳಿಗಳಲ್ಲಿ ಹೆಚ್ಚಿನವರಿಗೆ ಒಂದೇ ಮಾಸು. ಅದರಲ್ಲಿ ಒಂದಕ್ಕೆ ದೊಡ್ಡ ಪಾಲು, ಇನ್ನೊಂದಕ್ಕೆ ಚಿಕ್ಕದು ಬೀಳಬಹುದು. ನೂರರಲ್ಲಿ ಹತ್ತು ಹದಿನೈದು ಕಡೆ ಒಂದರ ರಕ್ತ ಇನ್ನೊಂದಕ್ಕೆ ಹರಿದು ಎರಡಕ್ಕೂ ಅಪಾಯವಾಗುತ್ತದೆ. ಇಲ್ಲಿ ಊಟದ ಕೈ ನಡೆಯುವುದಿಲ್ಲ, ವೈದ್ಯರ ಕಣ್ಣೇ ಬೇಕು. ಒಂದು ಮಾಸೋ ಎರಡೋ ಎಂದು ಚೆನ್ನಾಗಿ ಕಾಣುವುದು ಮೂರನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ. ಆಮೇಲೆ ಹೇಳುವುದು ಕಷ್ಟ. ಹಾಗಾಗಿ ಆಗಲೇ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ.

ಊಟಕ್ಕೂ ಕಾಲವಿದೆ. ಸುಮಾರು ಇಪ್ಪತ್ತೆಂಟು ಮೂವತ್ತು ವಾರದವರೆಗೆ ಅವಳಿಗಳು ಒಂಟಿ ಕೂಸಿನ ಹೆಜ್ಜೆಗೆ ಹೆಜ್ಜೆ ಹಾಕಿ ಬೆಳೆಯುತ್ತವೆ, ಆಮೇಲೆ ಹಿಂದೆ ಬೀಳುತ್ತವೆ. ಒಂಬತ್ತು ತಿಂಗಳು ತುಂಬುವವರೆಗೆ ಹೆಚ್ಚಿನವು ಕಾಯುವುದೂ ಇಲ್ಲ. ತಾಯಿ ಐದಾರನೇ ತಿಂಗಳೊಳಗೆ ಏರಿಸಿಕೊಂಡ ತೂಕವೇ ಅವುಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು. ನಮ್ಮ ಸಂಪ್ರದಾಯದಲ್ಲಿ ಬಸುರಿಯನ್ನು ಕೂರಿಸಿ ಬಯಕೆಯ ಊಟ ಹಾಕುವುದು ಯಾವಾಗ? ಏಳನೇ ತಿಂಗಳು. ಹಸಿರು ಬಳೆ, ಚಿತ್ರಾನ್ನ, ಹೋಳಿಗೆ, ಐದು ಬಗೆ ಅನ್ನ. ತಮಿಳರ ವಳೈಕಾಪ್ಪೂ ಅದೇ ಸುಮಾರಿಗೆ. ಈಗ ಅಲ್ಲಿನ ಸರ್ಕಾರವೇ ಊರ ಬಸುರಿಯರನ್ನೆಲ್ಲ ಒಟ್ಟಿಗೆ ಕೂರಿಸಿ ಬಳೆ ತೊಡಿಸಿ ಊಟ ಹಾಕುತ್ತದೆ, ಅಂಗನವಾಡಿಯಲ್ಲಿ ಸತ್ತುಮಾವು ಎಂಬ ಪೌಷ್ಟಿಕ ಹಿಟ್ಟು ಕೊಡುತ್ತದೆ, ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಹೆರಿಗೆ ನೆರವು ಕೊಡುತ್ತದೆ. ಗಡಿಯ ಈಚೆ ನಮ್ಮಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟ. ಎಲ್ಲವೂ ಒಳ್ಳೆಯದೇ. ಆದರೆ ಅವಳಿ ಹೊತ್ತವಳಿಗೆ ಏಳನೇ ತಿಂಗಳ ಹೋಳಿಗೆ ತಡವಾಗಿ ಬಂದ ಹೋಳಿಗೆ. ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದು ‘ಎರಡಿದೆಯಂತೆ’ ಎಂದು ಅವಳು ಹೇಳಿದ ದಿನವೇ ಬಯಕೆಯ ಊಟ ಶುರುವಾಗಲಿ. ಅಂದು ರಾತ್ರಿಯಿಂದ ಆ ಮನೆಯಲ್ಲಿ ಮೊದಲ ತಟ್ಟೆ ಅವಳಿಗೆ ಬಡಿಸಿ.